ಹೆಡ್‌ಮಾಸ್ತರರ ಬಂಪರ್ ರಿಪೇರಿ

ಕಳೆದ ತಿಂಗಳು ನಮ್ಮ ಹೈಸ್ಕೂಲಿನ ಹೆಡ್‌ಮಾಸ್ತರರು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಒಬ್ಬರು ಅವರ ಶಿಸ್ತಿನ ಬಗ್ಗೆ ಮಾತಾಡಿದರು, ಇನ್ನೊಬ್ಬರು ಹತ್ತನೇ ತರಗತಿಯ ಫಲಿತಾಂಶದ ಬಗ್ಗೆ. ಹೇಳಿದ್ದೆಲ್ಲ ನಿಜವೇ. ಆದರೆ ಆ ಮಾತುಗಳನ್ನು ಯಾವ ಹೆಡ್‌ಮಾಸ್ತರರಿಗೆ ಹೇಳಿದರೂ ಹೊಂದುತ್ತಿದ್ದವು. ಕನ್ನಡ ಮಾಸ್ತರ ಎಂದು ನನ್ನನ್ನೂ ಮೈಕಿನ ಮುಂದೆ ನಿಲ್ಲಿಸಿದರು. ಅವರ ಬಗ್ಗೆ ಏನು ಹೇಳಲಿ ಎಂದು ಯೋಚಿಸಿದಾಗ ನೆನಪಿಗೆ ಬಂದದ್ದು ಒಂದು ಕಾರಿನ ಬಂಪರ್. ಶಾಲು ಹೊದಿಸಿ, ಹಾರ ಹಾಕಿ ಕೂರಿಸಿದವರ ಎದುರು ಅದನ್ನು ಹೇಳುವುದು ಸರಿ ಕಾಣಲಿಲ್ಲ. ಎರಡು ಮಾತು ಆಡಿ ಬಂದು ಕುಳಿತೆ. ಅಲ್ಲಿ ಆಡದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆದರೆ ಅವರಿಗೆ ಸಂಕೋಚವಾಗುತ್ತದೆ, ಹಾಗಾಗಿ ಹೆಸರು ಬೇಡ.

ಸಿಂಧನೂರಿನಲ್ಲಿ ನಮ್ಮದೂ ಅವರದೂ ಒಂದೇ ಓಣಿ. ಶಾಲೆ ಮಸ್ಕಿಯಲ್ಲಿ. ಹತ್ತು ಹನ್ನೆರಡು ವರ್ಷ ಇಬ್ಬರೂ ಕೂಡಿಯೇ ಓಡಾಡಿದೆವು, ಮೊದಲು ಬಸ್ಸಿನಲ್ಲಿ, ಆಮೇಲೆ ಅವರ ಬಿಳಿ ಕಾರಿನಲ್ಲಿ. ಆ ಕಾರನ್ನು ಅವರು ಕೊಂಡದ್ದು ಸೆಕೆಂಡ್ ಹ್ಯಾಂಡ್. ಆದರೆ ನೋಡಿದವರು ಯಾರೂ ಹಾಗೆ ಅನ್ನುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಅವರೇ ತೊಳೆಯುತ್ತಿದ್ದರು, ಆಯಿಲ್ ಅವರೇ ಬದಲಿಸುತ್ತಿದ್ದರು, ಸೀಟಿನ ಹೊಲಿಗೆ ಬಿಟ್ಟರೆ ದಬ್ಬಣ ಹಿಡಿದು ತಾವೇ ಹಾಕುತ್ತಿದ್ದರು.

ಕಾರು ಒಂದೇ ಅಲ್ಲ. ಅವರ ಮನೆಗೆ ಒಬ್ಬ ರಿಪೇರಿಯವನು ಬಂದದ್ದನ್ನು ನಾನು ನೋಡಿಲ್ಲ. ಫ್ಯಾನು, ನಲ್ಲಿ, ಕುಕ್ಕರಿನ ಹಿಡಿಕೆ, ಹರಿದ ಚಪ್ಪಲಿ, ಎಲ್ಲವೂ ಅವರ ಕೈಯಲ್ಲೇ ಸರಿಯಾಗುತ್ತಿದ್ದವು. ಸರಿಯಾಗದೆ ಹೋದದ್ದೂ ಉಂಟು. ಒಮ್ಮೆ ಮಿಕ್ಸರ್ ಬಿಚ್ಚಿ ಜೋಡಿಸಿದ ಮೇಲೆ ಅದು ಉಲ್ಟಾ ತಿರುಗಲು ಶುರುವಾಗಿ, ಅವರ ಹೆಂಡತಿ ಒಂದು ತಿಂಗಳು ಒರಳಿನಲ್ಲಿ ಚಟ್ನಿ ರುಬ್ಬಿದರು. ಆದರೂ ಅಂಗಡಿಗೆ ಒಯ್ಯಲು ಅವರು ಬಿಡಲಿಲ್ಲ. ಶಾಲೆಯಲ್ಲಿ ಬೆಂಚಿನ ಕಾಲು ಮುರಿದರೆ ಜವಾನನಿಗೆ ಹೇಳುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಅಂಗಿಯ ತೋಳು ಮಡಚಿ ತಾವೇ ಮೊಳೆ ಹೊಡೆಯುತ್ತಿದ್ದರು. ತೆಳ್ಳಗಿನ ಆಳು, ಉದ್ದ ಬೆರಳು, ಹಣೆಯ ಮೇಲೆ ಯಾವಾಗಲೂ ಏರಿಸಿದ ಕನ್ನಡಕ. ಸುಮ್ಮನೆ ಕೂತದ್ದನ್ನು ನೋಡಿದವರಿಲ್ಲ. ಮೀಟಿಂಗಿನಲ್ಲಿ ಕೂತರೂ ಪೆನ್ನು ಬಿಚ್ಚಿ ರಿಫಿಲ್ ಒರೆಸುತ್ತಿದ್ದರು.

"ಸರ, ಅಂಗಡ್ಯಾಗ ಕೊಟ್ರ ಅರ್ಧ ತಾಸಿನ ಕೆಲಸ ಅದು. ಯಾಕ ಹೈರಾಣ ಆಗ್ತೀರಿ?" ಎಂದು ನಾನು ಎಷ್ಟೋ ಸಲ ಕೇಳಿದ್ದೇನೆ.

"ಎರಡು ಕೈ ಅದಾವಲ್ರೀ ಮಾಸ್ತರ" ಅನ್ನುತ್ತಿದ್ದರು. ಅಷ್ಟೇ. ಜಿಪುಣತನ ಅಲ್ಲ ಅದು. ಮಕ್ಕಳ ಪ್ರವಾಸಕ್ಕೆ, ಯಾರದೋ ಮನೆಯ ಆಸ್ಪತ್ರೆಯ ಖರ್ಚಿಗೆ ಮೊದಲು ಕೈ ಬಿಚ್ಚುತ್ತಿದ್ದವರು ಅವರೇ. ಹಾಗಾಗಿ ಇದೊಂದು ಹುಚ್ಚು ಎಂದುಕೊಂಡು ನಾವೆಲ್ಲ ಸುಮ್ಮನಾಗಿದ್ದೆವು.

ಲಾಕ್‌ಡೌನಿನಲ್ಲಿ ಆ ಹುಚ್ಚಿನಿಂದ ನಮ್ಮ ಓಣಿಗೇ ಉಪಕಾರವಾಯಿತು. ಕಟಿಂಗ್ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಎಲ್ಲರ ತಲೆಯೂ ಕಾಡು ಬೆಳೆದ ಹಾಗೆ ಆಗಿತ್ತು. ಅವರ ತಲೆ ಮಾತ್ರ ಎಂದಿನ ಹಾಗೇ ಒಪ್ಪವಾಗಿತ್ತು. ಮುಂದೊಂದು ಹಿಂದೊಂದು ಕನ್ನಡಿ ಇಟ್ಟುಕೊಂಡು ತಮ್ಮ ಕೂದಲನ್ನು ತಾವೇ ಕತ್ತರಿಸಿಕೊಳ್ಳುತ್ತಾರೆಂಬುದು ನನಗೆ ಗೊತ್ತಾದದ್ದು ಆಗ. ನಾನು ಕೇಳಿದ್ದೇ ತಡ, ತಮ್ಮ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಸ್ಟೂಲು ಹಾಕಿ ಕೂರಿಸಿದರು. ನನ್ನದು ನೋಡಿ ಪಕ್ಕದ ಮನೆಯವರು ಬಂದರು, ಆಮೇಲೆ ಎದುರು ಮನೆಯವರು. ಗೊಬ್ಬರದ ಅಂಗಡಿಯವರು, ದಢೇಸುಗೂರಿನ ಕಡೆ ಗದ್ದೆ ಇರುವ ಜಮೀನ್ದಾರರು, ಎಲ್ಲರೂ ಟವೆಲ್ಲು ಹೆಗಲಿಗೆ ಹಾಕಿಕೊಂಡು ಸರದಿ ಕಾದರು.

ನಮ್ಮಪ್ಪ ಮಾತ್ರ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಕಿರಾಣಿ ಅಂಗಡಿ ನಡೆಸಿ ಮುದುಕನಾದವನು, ಮುಂಜಾನೆ ವಿಭೂತಿ ಹಚ್ಚದೆ ನೀರು ಮುಟ್ಟದವನು. ಹೆಡ್‌ಮಾಸ್ತರರ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ ಎಂಬುದು ಅವನಿಗೆ ಗೊತ್ತು. ಅವರು ಯಾವ ಕೇರಿಯಿಂದ ಬಂದವರು ಎಂಬುದೂ ಗೊತ್ತು. ಎರಡು ದಿನ ನೋಡಿದ. ಮೂರನೆಯ ದಿನ ಕೊರಳು ತುರಿಸಿಕೊಳ್ಳುತ್ತ ಹೋಗಿ ಸ್ಟೂಲಿನ ಮೇಲೆ ಕೂತ.

"ಸಣ್ಣದು ಮಾಡ್ಲೋ, ಮೀಡಿಯಮ್ಮೋ ಯಜಮಾನ್ರ?" ಎಂದು ಅವರು ಕೇಳಿದರು.

"ನಿಮಗ ಹೆಂಗ ಬರಾಬರ್ ಅನ್ನಸ್ತದ ಹಂಗ ಮಾಡ್ರೆಪಾ" ಎಂದ ಅಪ್ಪ. ಅವರು ಅವನ ಗದ್ದಕ್ಕೆ ಬೆರಳು ಹಚ್ಚಿ ತಲೆಯನ್ನು ಬಗ್ಗಿಸಿದರು. ಅಪ್ಪ ಬಗ್ಗಿದ. ನಾನು ಆಗ ಅದನ್ನು ಒಂದು ಕಟಿಂಗ್ ಎಂದು ಮಾತ್ರ ನೋಡಿದೆ.

ಬಂಪರಿನ ವಿಷಯ ಈಚಿನದು. ಅವರಿಗೆ ಒಬ್ಬಳೇ ಮಗಳು, ಸುಜಾತಾ. ಲಿಂಗಸುಗೂರಿನಲ್ಲಿ ಬ್ಯಾಂಕಿನ ಕೆಲಸ. ಅವಳು ಕಾರು ಕಲಿತ ಮೇಲೆ ನಮ್ಮ ಓಡಾಟದ ಪದ್ಧತಿ ಬದಲಾಯಿತು. ಬೆಳಿಗ್ಗೆ ಅವಳೇ ಓಡಿಸುತ್ತ ನಮ್ಮಿಬ್ಬರನ್ನು ಮಸ್ಕಿಯಲ್ಲಿ ಇಳಿಸಿ ಲಿಂಗಸುಗೂರಿಗೆ ಹೋಗುತ್ತಿದ್ದಳು. ಸಂಜೆ ಬರುವಾಗ ಕರೆದುಕೊಳ್ಳುತ್ತಿದ್ದಳು. ಹೆಡ್‌ಮಾಸ್ತರರು ಪಕ್ಕದ ಸೀಟಿನಲ್ಲಿ ಕೂತು, ತಮ್ಮ ಕಾಲ ಕೆಳಗೂ ಒಂದು ಬ್ರೇಕ್ ಇರುವವರ ಹಾಗೆ ಕಾಲು ಒತ್ತುತ್ತಿದ್ದರು.

ಒಂದು ಸಂಜೆ ಅವಳು ತಡವಾಗಿ ಬಂದಳು. ಮಸ್ಕಿಯ ಬಜಾರಿನಲ್ಲಿ ಎದುರಿಗೆ ಭತ್ತದ ಚೀಲ ತುಂಬಿದ ಟ್ರ್ಯಾಕ್ಟರ್ ಬಂದಿದೆ. ದಾರಿ ಬಿಡಲು ಪಕ್ಕಕ್ಕೆ ಎಳೆದಾಗ ಬಂಪರಿನ ಎಡ ಮೂಲೆ ಕಲ್ಲಿನ ಕಂಬಕ್ಕೆ ಉಜ್ಜಿದೆ. ಅವಳು ಇಳಿದು ಬಾಗಿಲ ಹತ್ತಿರವೇ ನಿಂತಳು. ಇವರು ಮೊದಲು ಅವಳನ್ನು ನೋಡಿದರು, "ನಿನಗೇನೂ ಆಗಿಲ್ಲಲ್ಲ?" ಎಂದು ಕೇಳಿದರು. ಆಮೇಲೆ ಕುಕ್ಕರಗಾಲಲ್ಲಿ ಕೂತು ಗೀರುಗಳ ಮೇಲೆ ಬೆರಳು ಆಡಿಸಿದರು. ಅಂಗೈ ಅಗಲದ ಜಾಗದಲ್ಲಿ ಬಣ್ಣ ಎದ್ದು, ಒಳಗಿನ ಕಪ್ಪು ಪ್ಲಾಸ್ಟಿಕ್ ಕಾಣುತ್ತಿತ್ತು. ಎರಡು ಗೀರು ಉಗುರು ಇಳಿಯುವಷ್ಟು ಆಳವಾಗಿದ್ದವು.

"ಒಡದಿಲ್ಲ. ಬಣ್ಣ ಹೋಗ್ಯದ ಅಷ್ಟ. ಐತವಾರ ಮಾಡಿ ಒಗೀತೀನಿ" ಅಂದರು.

"ಅಪ್ಪ, ಲಿಂಗಸುಗೂರಾಗ ನಮ್ಮ ಬ್ಯಾಂಕಿನ ಹತ್ರನ ಒಬ್ಬ ಪೇಂಟರ್ ಅದಾನ. ಚಲೋ ಮಾಡ್ತಾನಂತ. ಅಲ್ಲೇ ಬಿಡ್ತೀನಿ."

"ಯಾಕ? ಮನ್ಯಾಗ ಆಗೂದಿಲ್ಲೇನು?"

"ಆಗ್ತದ. ಆದ್ರ ಅಂಗಡ್ಯಾಗ ಆದಂಗ ಆಗೂದಿಲ್ಲ."

ಅವರು ನಕ್ಕರು. ಅವಳು ನಗಲಿಲ್ಲ.

ಭಾನುವಾರ ನಾನೂ ಹೋದೆ. ಕಾರನ್ನು ಬೇವಿನ ಗಿಡದ ಕೆಳಗೆ ತಂದು, ಮೂಲೆಯನ್ನು ಸೋಪಿನ ನೀರಲ್ಲಿ ತೊಳೆದು ಒಣಗಿಸಿದ್ದರು. ಬಕೆಟ್ಟಿನ ನೀರಿನಲ್ಲಿ ಪಾಲಿಶ್ ಪೇಪರುಗಳು ನೆನೆಯುತ್ತಿದ್ದವು. ಉಜ್ಜಿ ನಯ ಮಾಡುವ ಕಾಗದಗಳವು, ಒರಟಿನದು ಮೊದಲು, ನುಣುಪಿನದು ಕೊನೆಗೆ. ಅವರು ಗೀರಿನ ಅಂಚುಗಳನ್ನು ಉಜ್ಜಿ ಇಳಿಸಿದರು, ಆಳವಾದ ಕಡೆ ಹಿಟ್ಟಿನಂಥ ಪುಟ್ಟಿ ತುಂಬಿದರು, ಅದು ಗಟ್ಟಿಯಾದ ಮೇಲೆ ಮತ್ತೆ ಉಜ್ಜಲು ಕೂತರು. ನನಗೆ ನೀರು ಹಾಕುವ ಕೆಲಸ. ಪುಟ್ಟಿ ಉಜ್ಜುವುದು ಬೇಗ ಮುಗಿಯುವಂಥದ್ದಲ್ಲ. ಒಂದಷ್ಟು ಉಜ್ಜಿ, ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡಿ, ಮತ್ತೆ ಉಜ್ಜುವುದು.

ನಾನು ಬೇಸತ್ತು, "ಸರ, ಸುಜಾತಾ ಹೇಳಿದ್ದು ಖರೇ ಐತಿ. ಈ ಕೆಲಸಾನ ಮಾಡಾವ್ರು ಇದ್ದಾಗ ನಾವ್ಯಾಕ ಮಾಡಬೇಕ್ರಿ?" ಅಂದೆ.

ಅವರ ಕೈ ನಿಲ್ಲಲಿಲ್ಲ. ಉಜ್ಜುತ್ತಲೇ ಹೇಳಿದರು.

"ನಮ್ಮೂರಾಗ ಕ್ಷೌರ ಮಾಡಾವ ನಮ್ಮ ಕೇರಿಗೆ ಬರ್ತಿದ್ದಿಲ್ರೀ ಮಾಸ್ತರ. ನಾವು ಅವನ ಕಟ್ಟಿಗೆ ಹೋಗಂಗಿದ್ದಿಲ್ಲ. ಅವನದೇನು ತಪ್ಪು, ನಮ್ಮ ತಲಿ ಮುಟ್ಟಿದ್ರ ದೊಡ್ಡ ಮನಿಯವ್ರು ಅವನ್ನ ಬಾಗ್ಲಾಗ ನಿಲ್ಲಸ್ತಿದ್ದಿಲ್ಲ. ನಮ್ಮಪ್ಪ ಕುರಿ ಕೂದ್ಲು ಕತ್ತರಸೂ ಕತ್ತರಿ ಇಸ್ಕೊಂಡು ಬಂದು ನಮ್ಮ ತಲಿ ಕತ್ತರಸ್ತಿದ್ದ. ಆಮ್ಯಾಲೆ ಮುದಗಲ್ ಸಂತ್ಯಾಗ ಒಂದು ಸಣ್ಣ ಕತ್ತರಿ ತಂದ. ಅರಿವಿ ತೊಳಿಯಾವ್ರು ನಮ್ಮ ಅರಿವಿ ಮುಟ್ತಿದ್ದಿಲ್ಲ, ಅವ್ವ ತೊಳೀತಿದ್ಲು. ಕುಂಟಿ, ಕೂರಿಗಿ ರಿಪೇರಿ, ಕಂಬಳಿ ಹೊಲ್ಯೂದು, ಎಲ್ಲಾ ಮನ್ಯಾಗ. ಜನ ನೋಡಿದ್ರ, ಎಷ್ಟು ಶಾಣ್ಯಾ ಮಂದಿ, ಎಲ್ಲಾ ಕೆಲಸ ಬರ್ತದ ಅಂತಿದ್ರು."

ಕಾಗದವನ್ನು ನೀರಿನಲ್ಲಿ ಅದ್ದಿ ಕೊಡವಿದರು.

"ಶಾಣ್ಯಾತನ ಅಲ್ರೀ ಅದು. ಬ್ಯಾರೆ ದಾರಿ ಇದ್ದಿದ್ದಿಲ್ಲ. ಮಾಡಿ ಮಾಡಿ ರೂಢಿ ಆತು. ಈಗ ಸೊಕ್ಕಾಗ್ಯದ."

ಇದನ್ನು ಅವರು ದುಃಖದಿಂದ ಹೇಳಲಿಲ್ಲ. ವಿಜ್ಞಾನದ ಪಾಠ ಹೇಳುವಾಗಿನ ದನಿಯೇ ಅದು. ನನಗೆ ಮಾತ್ರ ಅದೇ ಗಿಡದ ಕೆಳಗೆ ಅಪ್ಪ ತಲೆ ಬಗ್ಗಿಸಿ ಕೂತದ್ದು ನೆನಪಾಯಿತು. "ಹಂಗಾದ್ರ ಲಾಕ್‌ಡೌನಿನಾಗ ನಮ್ಮೆಲ್ಲರ ತಲಿ..." ಎಂದು ಶುರುಮಾಡಿ ನಿಲ್ಲಿಸಿದೆ.

"ಹೂಂ" ಅಂದರು. "ನಿಮ್ಮಪ್ಪಾರ ಕೂದ್ಲು ಭಾಳ ಮೆತ್ತಗ ಅದಾವ್ರಿ. ಅಂಥಾವು ಕತ್ತರಿಗೆ ಸಿಗಂಗಿಲ್ಲ. ನೀರು ಹಾಕ್ರಿ ಇಲ್ಲಿ."

ನಾನು ನೀರು ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಆ ಮೂಲೆ ಕೈಗೆ ಗಾಜಿನ ಹಾಗೆ ಹತ್ತುತ್ತಿತ್ತು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಕೆಟ್ಟದ್ದು ಬಣ್ಣದಲ್ಲಿ. ಸುತ್ತ ಪೇಪರು ಅಂಟಿಸಿ, ಸಿಂಧನೂರಿನ ಅಂಗಡಿಯಿಂದ ತಂದ ಸ್ಪ್ರೇ ಡಬ್ಬಿ ಅಲುಗಾಡಿಸಿ ಹೊಡೆದರು. ಭತ್ತದ ಕೊಯ್ಲಿನ ಕಾಲ, ಗಾಳಿಯಲ್ಲಿ ಹೊಟ್ಟು, ಧೂಳು. ಹೊಡೆದಷ್ಟೂ ಅದರ ಮೇಲೆ ಕೂರುತ್ತಿತ್ತು. ಎರಡನೆಯ ಸಲ ದಪ್ಪಗೆ ಹೊಡೆದಾಗ ಒಂದು ಕಡೆ ಬಣ್ಣ ಹನಿಯಾಗಿ ಇಳಿಯಿತು. ಒಣಗಿದ ಮೇಲೆ ನೋಡಿದರೆ ಕಾರಿನ ಬಿಳಿಗೂ ಡಬ್ಬಿಯ ಬಿಳಿಗೂ ಹೊಂದಿಕೆಯೇ ಇಲ್ಲ. ಕಾರು ಹಾಲಿನ ಬಿಳುಪು, ಮೂಲೆ ಬೆಣ್ಣೆಯ ಬಿಳುಪು.

"ದೂರದಿಂದ ಗೊತ್ತಾಗಂಗಿಲ್ಲ" ಎಂದರು ಅವರು.

ಸುಜಾತಾ ಬಾಗಿಲಿಗೆ ಬಂದು ನೋಡಿ ಒಳಗೆ ಹೋದಳು. ಅವರ ಹೆಂಡತಿ ನನಗೆ ಚಹಾ ಕೊಡುತ್ತ, "ಅಪ್ಪ ಮಗಳು ಇಬ್ರೂ ಒಂದ ಅಚ್ಚಿನಾಗ ಹಾಕಿದಂಗ ಅದಾರ್ರಿ. ಇಬ್ರೂ ಬಾಯಿ ಬಿಡಂಗಿಲ್ಲ, ಇಬ್ರೂ ಹಟಾ ಬಿಡಂಗಿಲ್ಲ" ಅಂದರು.

ಹದಿನೈದು ದಿನ ಕಳೆದಿರಬಹುದು. ಒಂದು ಸಂಜೆ ನಾವು ಶಾಲೆಯ ಗೇಟಿನಲ್ಲಿ ನಿಂತಿದ್ದಾಗ ಸುಜಾತಾಳ ಫೋನ್ ಬಂತು. ಬಸ್‌ಸ್ಟ್ಯಾಂಡಿಗೆ ಬನ್ನಿ ಎಂದಳಂತೆ. ಹೋದೆವು. ಲಿಂಗಸುಗೂರು ಕಡೆಯಿಂದ ಬಂದ ಬಸ್ಸಿನಿಂದ ಇಳಿದು ಅವಳು ನಮಗಾಗಿ ಕಾಯುತ್ತಿದ್ದಳು.

"ಗಾಡಿ ಎಲ್ಲೈತಿ?" ಎಂದು ಕೇಳಿದರು ಇವರು.

"ಪೇಂಟರ್ ಕಡೆ ಬಿಟ್ಟು ಬಂದೀನಿ."

ಅವರ ಮುಖ ಬಿಗಿಯಿತು. "ನಾ ಮಾಡಿದ್ದು ಬಳಸಾಕ ಬರೂದಿಲ್ಲೇನು ನಿನಗ?"

"ಹಂಗಲ್ಲಪ್ಪ."

"ಮತ್ತ ಹೆಂಗ? ನನ್ನ ಒಂದು ಮಾತು ಕೇಳಿದೇನು? ಒಬ್ಬಾಕಿ ಹೋಗಿ ಕೊಟ್ಟು ಬಂದಿ."

ಸುತ್ತ ಜನ ಇದ್ದರು. ಅವಳು ದನಿ ತಗ್ಗಿಸಿದಳು, ಮಾತು ಮಾತ್ರ ತಗ್ಗಿಸಲಿಲ್ಲ. "ಕೇಳಿದ್ರ ನೀ ಒಲ್ಲೆ ಅಂತಿದ್ದಿ. ಸಣ್ಣಾಕಿ ಇದ್ದಾಗಿಂದ ನೋಡಾಕತ್ತೀನಿ. ನನ್ನ ಚಪ್ಪಲಿ ನೀನ ಹೊಲದಿ, ನನ್ನ ತಲಿ ನೀನ ಕತ್ತರಿಸಿದಿ. ಸಾಲ್ಯಾಗ ಹುಡುಗ್ಯಾರು ನಗ್ತಿದ್ರು, ನಾ ಹೇಳಲಿಲ್ಲ. ಅಜ್ಜಗ ಮಂದಿ ಒಲ್ಲೆ ಅಂದ್ರು, ಅವನು ಮನ್ಯಾಗ ಮಾಡ್ಕೊಂಡ. ನಿನಗ ಈಗ ಯಾರು ಒಲ್ಲೆ ಅಂತಾರ? ಅವ್ರು ಒಲ್ಲೆ ಅನ್ನೂಕಿಂತ ಮೊದ್ಲ ನೀನ ಒಲ್ಲೆ ಅಂತಿ. ಒಮ್ಮೆರ ಕೇಳಿ ನೋಡಪ್ಪ."

ಸಿಂಧನೂರಿನ ಬಸ್ಸು ಬಂತು, ಹತ್ತಿದೆವು. ಸೀಟು ಇದ್ದರೂ ಅವರು ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೇ ಬಂದರು. ಸುಜಾತಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಅವಳು ಅತ್ತಿದ್ದು ನನಗೆ ಮಾತ್ರ ಕಂಡಿತು.

ಆ ವಾರ ಬಸ್ಸಿನಲ್ಲೇ ಓಡಾಡಿದೆವು. ಅವರು ಶಾಲೆಯ ಕೆಲಸದ ಹೊರತು ಬೇರೆ ಮಾತಾಡಲಿಲ್ಲ. ಮನೆಯಲ್ಲೂ ಹಾಗೇ ಎಂದು ಕೇಳಿದೆ. ಶನಿವಾರ ಅರ್ಧ ದಿನದ ಶಾಲೆ ಮುಗಿದು ಹೊರಟಾಗ ಅವರು ಸಿಂಧನೂರು ಬಸ್ಸಿನ ಕಡೆ ಹೋಗದೆ ಎದುರು ದಿಕ್ಕಿನ ಬಸ್ಸು ನಿಲ್ಲುವಲ್ಲಿ ನಿಂತರು.

"ಗಾಡಿ ತಯಾರ್ ಆಗ್ಯದಂತ. ಲಿಂಗಸುಗೂರಿಗೆ ಹೋಗಿ ಬರೂಣು ಬರ್ರಿ" ಅಂದರು. ಮಗಳಿಗೆ ಹೇಳಿದ್ದೀರಾ ಎಂದು ನಾನು ಕೇಳಲಿಲ್ಲ.

ಪೇಂಟರನ ಅಂಗಡಿ ಎಂದರೆ ತಗಡಿನ ಶೆಡ್ಡು. ಒಳಗೆ ಪ್ಲಾಸ್ಟಿಕ್ ಪರದೆ ಕಟ್ಟಿ ಒಂದು ಕೋಣೆ ಮಾಡಿದ್ದ, ಬಣ್ಣ ಹೊಡೆಯುವಾಗ ಧೂಳು ಬಾರದಿರಲೆಂದು. ಸುಜಾತಾ ಆಗಲೇ ಬಂದು ಒಂದು ಬದಿಗೆ ನಿಂತಿದ್ದಳು. ಅಪ್ಪನನ್ನು ಕಂಡು ಎದುರಿಗೆ ಬಂದಳು. ಕಾರು ಹೊರಗೇ ನಿಂತಿತ್ತು. ಗೀರು ಎಲ್ಲಿತ್ತು ಎಂದು ನಾನು ಹುಡುಕಬೇಕಾಯಿತು. ಬಿಳಿಗೆ ಬಿಳಿ ಸೇರಿ ಒಂದೇ ಆಗಿತ್ತು.

ಪೇಂಟರ್ ಮುದಗಲ್ಲಿನವನು, ಗಡ್ಡ ನರೆತವನು. ಕೈ ಒರೆಸಿಕೊಳ್ಳುತ್ತ ಬಂದ. "ಇದರ ಕೆಲಸ ಮೊದ್ಲು ಯಾರ ಕಡೆ ಮಾಡ್ಸಿದ್ರಿ ಸಾಹೇಬ್ರ?"

ಸುಜಾತಾ ನೆಲ ನೋಡಿದಳು.

"ನಾನ ಮಾಡೀನಿ" ಅಂದರು ಇವರು. "ಮನ್ಯಾಗ."

"ಬಣ್ಣ ಪೂರಾ ಖರಾಬ್ ಆಗಿತ್ರಿ. ಡಬ್ಬಿ ಬಣ್ಣ ಹೊಂದಂಗಿಲ್ಲ, ಬಯಲಾಗ ಹೊಡಿಯಾಕೂ ಬರಂಗಿಲ್ಲ. ತೆಗದು ಹಾಕಿದೆ. ಆದ್ರ ತಳದ ಕೆಲಸ ಚಲೋ ಇತ್ತು. ಪುಟ್ಟಿ ನಾ ಮುಟ್ಟಿಲ್ಲ. ನಿಮ್ಮದ ಅದ ಅದು, ನಾ ಮ್ಯಾಲ ಬಣ್ಣ ಹೊಡದೀನಿ ಅಷ್ಟ."

ಹೊಗಳಬೇಕೆಂದು ಅವನು ಹೇಳಿದ್ದಲ್ಲ, ಮಾಡಿದ ಕೆಲಸದ ವರದಿ ಒಪ್ಪಿಸಿದ್ದ. ಇವರು ತಲೆಯಾಡಿಸಿ, ಕನ್ನಡಕ ಇಳಿಸಿಕೊಂಡು ಕುಕ್ಕರಗಾಲಲ್ಲಿ ಕೂತರು. ಕಣ್ಣು ಮುಚ್ಚಿ ಅಂಗೈಯಿಂದ ಆ ಮೂಲೆಯನ್ನು ಸವರಿದರು. ಒಂದು ಕಡೆ ಕೈ ನಿಂತಿತು. ಮತ್ತೆ ಅಲ್ಲೇ ಬೆರಳ ತುದಿಯಿಂದ ಮುಟ್ಟಿದರು. ನಾನೂ ಬಗ್ಗಿ ನೋಡಿದೆ. ಸಾಸಿವೆಗಿಂತ ಸಣ್ಣ ಒಂದು ಧೂಳಿನ ಕಣ ಬಣ್ಣದ ಕೆಳಗೆ ಸಿಕ್ಕಿಕೊಂಡಿತ್ತು.

ಇಷ್ಟು ವರ್ಷದ ಪರಿಚಯದಲ್ಲಿ ಅವರು ಮುಂದೆ ಏನು ಮಾಡುತ್ತಾರೆಂದು ನನಗೆ ಗೊತ್ತಿತ್ತು. ಏನೂ ಅನ್ನದೆ ಏಳುತ್ತಾರೆ, ಮನೆಗೆ ಒಯ್ಯುತ್ತಾರೆ, ಭಾನುವಾರ ನುಣುಪು ಕಾಗದ ನೆನೆಹಾಕಿ ಆ ಕಣವನ್ನು ತಾವೇ ತೆಗೆಯುತ್ತಾರೆ. ಸುಜಾತಾಳಿಗೂ ಅದು ಗೊತ್ತಿತ್ತೆಂದು ಕಾಣುತ್ತದೆ. ಅವಳು ಚೀಲದಿಂದ ಕೀಲಿಕೈ ತೆಗೆದು ಅವರ ಕಡೆ ಚಾಚಿದಳು.

ಅವರು ಕೀಲಿಕೈ ತೆಗೆದುಕೊಳ್ಳಲಿಲ್ಲ. ಕೂತಲ್ಲಿಂದಲೇ ಪೇಂಟರನ ಕಡೆ ತಿರುಗಿದರು. ಮುನ್ನೂರು ಮಕ್ಕಳ ಮುಂದೆ ಮೈಕಿಲ್ಲದೆ ಮಾತಾಡುವ ದನಿ ಅಲ್ಲಿ ಸಣ್ಣದಾಗಿ ಬಂತು.

"ಇಲ್ಲಿ ಕೈಗೆ ಜರಾ ಒರಟ ಹತ್ತತದ್ರಿ. ಇದನ್ನ... ಇದನ್ನ ಸರಿ ಮಾಡಿ ಕೊಡ್ರಿ."

ಪೇಂಟರ್ ಬಗ್ಗಿ ಬೆರಳಾಡಿಸಿದ. "ಹೌದ್ ನೋಡ್ರಿ. ನನ್ನ ಕೈಗೆ ಸಿಕ್ಕಿಲ್ಲ ಇದು. ಈಗ ತೆಗೀತೀನಿ, ಎಷ್ಟೊತ್ತಿನ ಕೆಲಸ. ನೀವು ಅಲ್ಲಿ ನೆಳ್ಳಾಗ ಕುಂದರ್ರಿ ಸಾಹೇಬ್ರ." ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿ ಅವರ ಕಡೆ ಸರಿಸಿದ. ಪಕ್ಕದ ಹೋಟೆಲಿನ ಕಡೆ ನೋಡಿ ಚಹಾ ಕಳಿಸಲು ಕೂಗಿದ.

ಅವರು ಕುರ್ಚಿಯ ತುದಿಯಲ್ಲಿ ಕೂತರು. ಪೇಂಟರ್ ಕಾಗದ ಅದ್ದಿ ಉಜ್ಜತೊಡಗಿದ. ಅವನ ಕೈ ತಿರುಗಿದ ಹಾಗೆ ಇವರ ಬೆರಳುಗಳು ಮೊಣಕಾಲಿನ ಮೇಲೆ ತಿರುಗುತ್ತಿದ್ದವು. ಒಮ್ಮೆ ಅರ್ಧ ಎದ್ದರು, ಮತ್ತೆ ಕೂತರು. ಚಹಾ ಬಂತು, ಗಾಜಿನ ಲೋಟಗಳಲ್ಲಿ, ಎಲ್ಲರಿಗೂ. ಅವರು ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಪೇಂಟರ್ ಕೆಲಸ ಮುಗಿಸುವವರೆಗೆ ಹಾಗೇ ಕೂತಿದ್ದರು. ಸುಜಾತಾ ಕುರ್ಚಿಯ ಹಿಂದೆ ಬಂದು ನಿಂತಳು. ಹೋಗುವ ಮೊದಲು ಅವರು ಮೂಲೆಯನ್ನು ಇನ್ನೊಮ್ಮೆ ಸವರಿ ನೋಡಿ, "ಬರಾಬರ್ ಆತು" ಅಂದರು.

ಹಿಂತಿರುಗುವಾಗ ಅವರು ಮುಂದೆ ಕೂರಲಿಲ್ಲ. "ನೀವು ಕುಂದರ್ರಿ ಮಾಸ್ತರ" ಎಂದು ನನ್ನನ್ನು ಮುಂದೆ ಕೂರಿಸಿ ತಾವು ಹಿಂದಿನ ಸೀಟಿನಲ್ಲಿ ಕೂತರು. ಸುಜಾತಾ ಕಾರು ಓಡಿಸಿದಳು. ಊರು ದಾಟಿದ ಮೇಲೆ ಅವಳು, "ಅಪ್ಪ, ಸಿಟ್ಟು ಇಳೀತೇನು?" ಎಂದು ಕೇಳಿದಳು. ಉತ್ತರ ಬರಲಿಲ್ಲ. ಕನ್ನಡಿಯಲ್ಲಿ ನೋಡಿದವಳು ಥಟ್ಟನೆ ನನ್ನ ಕಡೆ ತಿರುಗಿ, ಹಿಂದೆ ನೋಡುವಂತೆ ಸನ್ನೆ ಮಾಡಿದಳು. ಅವರು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದರು. ಬಾಯಿ ತುಸು ತೆರೆದಿತ್ತು, ಕೈಗಳು ತೊಡೆಯ ಮೇಲೆ ಅಂಗಾತ ಬಿದ್ದಿದ್ದವು.

ಅಷ್ಟು ವರ್ಷ ಕೂಡಿ ಓಡಾಡಿದರೂ ಅವರು ದಾರಿಯಲ್ಲಿ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಸುಜಾತಾ ಹಾರ್ನ್ ಹೊಡೆಯುವುದನ್ನು ಬಿಟ್ಟಳು. ಮಸ್ಕಿಯ ರೋಡ್ ಹಂಪುಗಳು ಬಂದಾಗ ಗಾಡಿಯನ್ನು ನಡಿಗೆಯ ವೇಗಕ್ಕೆ ಇಳಿಸಿ, ಒಂದೊಂದೇ ಗಾಲಿಯನ್ನು ಮೆಲ್ಲಗೆ ಹತ್ತಿಸಿ ಇಳಿಸಿದಳು. ಹಿಂದೆ ಬಂದ ಬಸ್ಸಿನವನು ಒಂದೇ ಸಮನೆ ಹಾರ್ನ್ ಹಾಕುತ್ತಿದ್ದ. ಅವಳು ಅವಸರ ಮಾಡಲಿಲ್ಲ.